ಆರು ಜನರನ್ನು ಇಬ್ಬರು ಎಂದ ದಿನ

ನಮ್ಮೂರಿನ ಬೆಳಗಿನ ಬಸ್ಸು ನಿಲ್ಲಿಸಿದವಳು ನಾನು. ಬೇರೆ ಯಾರೂ ಅಲ್ಲ. ಇದನ್ನು ಒಪ್ಪಿಕೊಳ್ಳುವ ಮೊದಲು ಮೂವರನ್ನು ಬೈದಿದ್ದೆ, ಅದೂ ನಿಜ.

ಒಂದು ಮಧ್ಯಾಹ್ನ ಅಂಗಳದಲ್ಲಿ ರಾಗಿ ಅಳೆಯುತ್ತಿದ್ದೆ. ಅಳೆಯುವಾಗ ನಾವು ಒಂದು ಎನ್ನುವುದಿಲ್ಲ. ‘ಲಾಭ’ ಎಂದು ಶುರು ಮಾಡಿ ಆಮೇಲೆ ಎರಡು, ಮೂರು. ಮನೆಯ ಜನರನ್ನಂತೂ ಎಣಿಸುವುದೇ ಇಲ್ಲ, ದೃಷ್ಟಿ ತಗಲುತ್ತದೆ. ಅಂಥ ಹೊತ್ತಿಗೆ ನಮ್ಮೂರ ಜೀಪಿನವನು ಯಾರೋ ಒಬ್ಬನನ್ನು ತಂದು ಬಾಗಿಲಲ್ಲಿ ಇಳಿಸಿದ. ಪಂಚಾಯ್ತಿ ಕಡೆಯವನಂತೆ. ಬಿಸಿಲಲ್ಲಿ ಬಂದವನು ನೀರು ಕೇಳಲಿಲ್ಲ. ನೀರು ಕೇಳದೆ ಲೆಕ್ಕ ಕೇಳುವವನನ್ನು ನಾನು ನಂಬುವುದಿಲ್ಲ.

“ಮನೇಲಿ ಎಷ್ಟು ಜನ ಇದ್ದೀರಮ್ಮ?”

“ಯಾಕ್ ಸ್ವಾಮಿ?”

“ಊರಿನ ಜನಸಂಖ್ಯೆ ಬರ್ಕೋಬೇಕು.”

ಯಾಕೆ ಎಂದರೆ ಅದೇನು ಉತ್ತರ? ರೇಷನ್ ಕಾರ್ಡು ರದ್ದು ಮಾಡಲು ಬಂದಿದ್ದಾನೆ, ದುಡಿಯುವ ಕೈ ಹೆಚ್ಚಿದ್ದರೆ ನಮ್ಮ ಹೆಸರು ಹೊಡೆದುಹಾಕುತ್ತಾನೆ ಎಂದುಕೊಂಡೆ.

“ಇಬ್ರೇ. ನಾನು, ನನ್ನ ಮಗ.”

ಒಳಗೆ ಸೊಸೆ ಕೂಸಿನ ಬಾಯಿಗೆ ತುತ್ತಿಟ್ಟು ಸದ್ದಡಗಿಸಿದಳು. ದೊಡ್ಡ ಮೊಮ್ಮಗಳು ಬೇಲೂರಿನ ಕಾಲೇಜಿಗೆ ಹೋಗಿದ್ದಳು, ಅವಳ ತಮ್ಮ ಸ್ಕೂಲಿಗೆ. ಬಂದವನು ಪಕ್ಕದ ಮನೆ ಮುಟ್ಟುವಷ್ಟರಲ್ಲಿ ನಾನು ಹಿತ್ತಲ ಕಡೆಯಿಂದ ಇಡೀ ಬೀದಿಗೆ ಹೇಳಿಯಾಗಿತ್ತು: “ಕಮ್ಮಿ ಹೇಳ್ರೇ, ಕಾರ್ಡ್ ಕಳ್ಕೋಬೇಡಿ.”

ಕೆಲವು ವಾರದ ಮೇಲೆ ಮೊಮ್ಮಗಳು ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಬಂದಳು.

“ಅಜ್ಜಿ, ನಾಳೆಯಿಂದ ಬಸ್ ಊರೊಳಗೆ ಬರಲ್ವಂತೆ. ಬಿಕ್ಕೋಡು ರಸ್ತೆಗೇ ಹೋಗಿ ಹತ್ಬೇಕಂತೆ. ನಿಮ್ಮೂರಲ್ಲಿ ಜನಾನೇ ಇಲ್ವಂತಲ್ಲಮ್ಮ ಅಂದ್ರು ಕಂಡಕ್ಟರು.”

ಆ ರಸ್ತೆಗೆ ಎರಡು ಮೈಲಿ, ಕಾಫಿ ತೋಟದ ಬೇಲಿ ಪಕ್ಕದಲ್ಲೇ. ಬೆಳಗಿನ ಮಂಜಲ್ಲಿ ಆನೆ ನಿಂತಿದ್ದರೂ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ಜೀಪು ಜನ ತುಂಬಿದ ಮೇಲೆ ಹೊರಡುತ್ತದೆ, ಕಾಲೇಜಿನ ಗಂಟೆಗಲ್ಲ. ಮಗ ತಟ್ಟೆಯಿಂದ ತಲೆ ಎತ್ತದೆ ಹೇಳಿದ:

“ಕಾಲೇಜು ಸಾಕು ಬಿಡವ್ವ. ಆನೆ ಕಾಲಿಗೆ ಮಗೀನ ಕೊಡಕ್ಕಾಯ್ತದಾ?”

ಮೊಮ್ಮಗಳು ಮುದ್ದೆ ಮುರಿಯಲಿಲ್ಲ.

ನಾನು ಕಂಡಕ್ಟರನನ್ನು ಬೈದೆ, ಪಂಚಾಯ್ತಿ ಮೆಂಬರನನ್ನು ಬೈದೆ. ಕೊನೆಗೆ ಅನುಮಾನ ಜೀಪಿನವನ ಮೇಲೆ ಹೋಯಿತು. ಬಸ್ಸಿಲ್ಲದಿದ್ದರೆ ಜನ ಯಾರ ಗಾಡಿ ಹತ್ತುತ್ತಾರೆ? ಎದ್ದು ಅವನ ಮನೆಗೇ ಹೋದೆ. ಮನೆ ಮುಂದೆ ಗಾಡಿ ಒರೆಸುತ್ತಿದ್ದ.

“ಏನ್ಲಾ, ಬಸ್ ನಿಲ್ಸಕ್ಕೆ ಯಾರ ಕೈ ಬೆಚ್ಚಗೆ ಮಾಡ್ದೆ?”

ಅವನು ಬಟ್ಟೆ ಹಿಂಡಿದ. “ಅಜ್ಜಿ, ಅವತ್ತು ಆ ಸಾಹೇಬ್ರನ್ನ ಕರ್ಕಂಬಂದೋನು ನಾನೇ. ಯಾವೂರಿಗೆ ಬಸ್ ಬೇಕು ಅಂತ ನೋಡಕ್ಕೆ ಬಂದಿದ್ರು. ನಿಮ್ಮನೇಲಿ ಎಷ್ಟ್ ಜನ ಅಂದ್ರಿ?”

ನಾನು ಸೆರಗು ಸರಿಮಾಡಿಕೊಳ್ಳತೊಡಗಿದೆ.

“ಇಬ್ರು ಅಂದ್ರಿ. ನೀವ್ ಹೇಳ್ಕೊಟ್ಟಿದ್ನೇ ಬೀದಿಯೋರೆಲ್ಲ ಹೇಳುದ್ರು. ಊರೇ ಖಾಲಿ ಮಾಡ್ಬುಟ್ರಲ್ಲಜ್ಜಿ! ನನ್ ಜೀಪಿಗೂ ನಾಕ್ ಜನ ಉಳುಸ್ಲಿಲ್ಲ.”

“ಅವತ್ತೇ ಬೊಗಳಕ್ಕೆ ಏನಾಗಿತ್ತು ನಿಂಗೆ?”

“ಬೊಗಳಕ್ಕೆ ಬಿಟ್ರಾ? ಹಿತ್ಲಿಂದ ಹಿತ್ಲಿಗೆ ಹಾರ್ತಿದ್ರಿ.”

ಅವನ ಮೇಲಿನ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ಇಬ್ಬರು ಎಂದದ್ದು ನನ್ನ ಬಾಯಿ. ಅಲ್ಲಿಂದ ಮನೆಗೆ ಬರುವಾಗ ಬೀದಿಯ ಒಂದೊಂದು ಬಾಗಿಲಲ್ಲೂ ನಿಂತು ಅದನ್ನು ಒಪ್ಪಿಕೊಂಡು, ನಾಳೆ ಹೋಗಿ ನಿಜವಾದ ಲೆಕ್ಕ ಬರೆಸಿ ಎಂದೆ.

ಮರುದಿನ ಬೆಳಿಗ್ಗೆ ಕೂಸಿನ ಕೆನ್ನೆಗೆ ದೊಡ್ಡದೊಂದು ಕಪ್ಪು ಬೊಟ್ಟಿಟ್ಟು, ಮನೆಯವರನ್ನೆಲ್ಲ ಅದೇ ಜೀಪಿಗೆ ಹತ್ತಿಸಿಕೊಂಡು ಪಂಚಾಯ್ತಿ ಆಫೀಸಿಗೆ ಹೋದೆ. ಅವತ್ತು ಬಂದವನೇ ಕೂತಿದ್ದ.

“ಒಬ್ರು ಬಂದಿದ್ರೆ ಸಾಕಿತ್ತಲ್ಲಮ್ಮ.”

“ಬ್ಯಾಡ. ಕಣ್ಣಾರೆ ನೋಡಿ ಬರ್ಕೊಳ್ಳಿ,” ಎಂದು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದೆ: “ಲಾಭ, ಎರಡು, ಮೂರು, ನಾಕು, ಐದು.” ನನ್ನ ಎದೆ ಮುಟ್ಟಿಕೊಂಡು “ಆರು” ಎಂದೆ.

ಅವನು ಬರೆದ. ಬರೆದದ್ದನ್ನು ಮೊಮ್ಮಗಳಿಂದ ಎರಡು ಸಲ ಓದಿಸಿದೆ. ಆರೇ ಎಂದು ಗಟ್ಟಿಯಾದ ಮೇಲೆ ಹೊರಗೆ ಬಂದು, ಬಾಗಿಲಲ್ಲಿ ಹಿಂದೆಮುಂದೆ ನೋಡುತ್ತಿದ್ದ ಪಕ್ಕದ ಮನೆಯವಳನ್ನು ರಟ್ಟೆ ಹಿಡಿದು ಒಳಗೆ ನೂಕಿದೆ.