ಕಪಿಲೆ ಹಾಡಿನ ಮೊದಲ ಹೆಸರು

ಆ ಕಾಲದಲ್ಲಿ ಫೋಟೋ ತೆಗೆಸಿಕೊಳ್ಳುವುದೆಂದರೆ ಉಸಿರು ಬಿಗಿಹಿಡಿದು ನಿಲ್ಲುವುದು ಎಂದೇ ನಾವೆಲ್ಲ ತಿಳಿದಿದ್ದೆವು. ಸೋದರತ್ತೆಯ ಮದುವೆಯಾದ ವರ್ಷ ನಮ್ಮ ಮನೆಯವರೆಲ್ಲ ಎರಡು ಬಂಡಿ ಕಟ್ಟಿಕೊಂಡು ಹುಮನಾಬಾದಿಗೆ ಹೋಗಿ ಒಂದು ಫೋಟೋ ತೆಗೆಸಿಕೊಂಡು ಬಂದಿದ್ದರು. ಕರಿಯ ಬಟ್ಟೆಯೊಳಗೆ ತಲೆ ತೂರಿಸಿದ ಮನುಷ್ಯ "ಅಲುಗಬ್ಯಾಡ್ರಿ, ಉಸಿರು ಬಿಡಬ್ಯಾಡ್ರಿ" ಎಂದು ಗದರಿದ್ದನಂತೆ. ಅದರಲ್ಲಿ ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಕಣ್ಣು ಕಿಸಿದುಕೊಂಡು ನಿಂತಿದ್ದಾನೆ. ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ಆ ಫೋಟೋ ಕಂಡಾಗಲೆಲ್ಲ "ಕಳ್ಳನ್ನ ಹಿಡಿದು ನಿಲ್ಲಿಸಿದಂಗ ಅದ ನೋಡ" ಎಂದು ನಗುತ್ತಿದ್ದಳು.

ನಮ್ಮ ಹಳ್ಳಿ ಇದ್ದದ್ದು ಕಲ್ಯಾಣಿಯಿಂದ ಮುಡಬಿಗೆ ಹೋಗುವ ದಾರಿಯಲ್ಲಿ. ಕಲ್ಯಾಣಿಗೆ ಬಸವಕಲ್ಯಾಣ ಎಂಬ ಹೆಸರು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಹಳ್ಳದ ದಂಡೆಗೆ ನಮ್ಮ ಹೊಲ, ಹೊಲದಲ್ಲಿ ಬಾವಿ, ಬಾವಿಗೆ ಕಪಿಲೆ. ಈಗಿನ ಮಕ್ಕಳು ಕಪಿಲೆ ಕಂಡಿಲ್ಲ. ಎರಡು ಎತ್ತು ಇಳಿಜಾರಿನಲ್ಲಿ ಕೆಳಗಿಳಿದರೆ ಹಗ್ಗ ಜಗ್ಗಿ, ಬಾವಿಯೊಳಗಿನ ತೊಗಲಿನ ಚೀಲ ಮೇಲೆ ಬಂದು ತೊಟ್ಟಿಯಂಥ ಕಲ್ಲಿನ ದೋಣಿಗೆ ನೀರು ಸುರಿಯುತ್ತಿತ್ತು. ಎತ್ತು ಇಳಿಯುವಾಗ ಮುತ್ಯಾ ಹಗ್ಗದ ಮೇಲೆ ಕೂತು ಹಾಡುತ್ತಿದ್ದ. ಒಂದೊಂದು ಚೀಲಕ್ಕೆ ಒಂದೊಂದು ಹೆಸರು.

"ಮೊದಲ ನೀರು ಯಾರಿಗಿ? ಭೂಮಿತಾಯಿ ಬಾಯಿಗಿ!"

ಎರಡನೆಯದು ಎತ್ತುಗಳಿಗೆ, ಮೂರನೆಯದು ಆಯಿಗೆ. ಹೀಗೆ ಮನೆಯವರ ಹೆಸರೆಲ್ಲ ಹಿರಿತನದ ಪ್ರಕಾರ ಬಂದು ಕೊನೆಗೆ ನನ್ನದು: "ಹನ್ನೆರಡನೇದು ಯಾರಿಗಿ? ಬುಗುಡಿಯ ಬೊಗಸಿಗಿ!" ಆಮೇಲೆ ಮತ್ತೆ ಭೂಮಿತಾಯಿಯಿಂದ ಶುರು. ನನ್ನ ಹೆಸರು ಗೌರಮ್ಮ. ಕಿವಿಗೆ ಹಾಕುವ ಬುಗುಡಿಯ ಹಾಗೆ ಸದಾ ಅವನ ಕಿವಿಯ ಹತ್ತಿರ ಜೋತುಬಿದ್ದು ಏನಾದರೂ ಕೇಳುತ್ತಿದ್ದೆನೆಂದು ಮುತ್ಯಾ ನನಗೆ ಬುಗುಡಿ ಎಂದು ಹೆಸರಿಟ್ಟಿದ್ದ. ಹನ್ನೆರಡನೆಯ ಚೀಲ ಬರುವ ಹೊತ್ತಿಗೆ ಗಜಗದ ಆಟ ಬಿಟ್ಟು ಓಡಿಹೋಗಿ ನಾನು ದೋಣಿಗೆ ಬೊಗಸೆ ಒಡ್ಡುತ್ತಿದ್ದೆ. ಆ ನೀರಿಗೆ ತೊಗಲಿನ ವಾಸನೆ ಇರುತ್ತಿತ್ತು. ನನಗೆ ಅದು ಇಷ್ಟ.

ನನಗೆ ಒಂಬತ್ತು ವರ್ಷವಾದಾಗ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಒಡ್ಡು ಏಳತೊಡಗಿತು. ಕೆರೆ ಕಟ್ಟುತ್ತಾರೆ, ಮುಂದಿನ ಮಳೆಗಾಲಕ್ಕೆ ನಮ್ಮ ಹೊಲ, ಬಾವಿ ಎರಡೂ ಮುಳುಗುತ್ತವೆ ಎಂದು ತಿಳಿಯಿತು. ಬದಲಿಗೆ ಗುಡ್ಡದ ಮಗ್ಗುಲಿಗೆ ಬೇರೆ ಹೊಲ ಕೊಟ್ಟಿದ್ದರು. ಆಯಿ ಅತ್ತಳು. ಮುತ್ಯಾ ಮಾತ್ರ "ನಾಕೂರಿಗಿ ನೀರ್ ಆಗ್ತದ, ಒಂದ್ ಬಾವಿ ಹೋದ್ರ ಹೋಗ್ಲಿ ಬಿಡು" ಎಂದ. ಹಾಗೆಂದವನು ಎದ್ದು ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತ. ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಯೂಸುಫ್ ಸಾಹೇಬರು ಬಂದದ್ದು ಆ ಚಳಿಗಾಲದಲ್ಲಿ, ಜೋಳ ಹಾಲುಗಾಳಾದಾಗ. ಹುಮನಾಬಾದಿನ ಅತ್ತರಿನ ಅಂಗಡಿಯವರ ಮಗ. ಮುಂಬಯಿಗೆ ಹೋಗಿ ಸಿನಿಮಾ ತೆಗೆಯುವುದನ್ನು ಕಲಿತು ಬಂದಿದ್ದರು. ಕೀಲಿ ಕೊಟ್ಟು ತಿರುಗಿಸುವ ಒಂದು ಕ್ಯಾಮೆರಾ, ಮೂರು ಕಾಲಿನ ಒಂದು ಸ್ಟ್ಯಾಂಡು, ಅವರು ಹೋದಲ್ಲೆಲ್ಲ ಗುಲಾಬಿ ಅತ್ತರಿನ ಘಮ. ಊರೇ ನೆರೆಯಿತು.

"ಕತಿ ಯಾವ್ದರಿ ಸಾಹೇಬ್ರ? ರಾಜಾ ಯಾರು, ರಾಣಿ ಯಾರು?" ಎಂದು ನಮ್ಮ ಅಪ್ಪ ಕೇಳಿದ.

"ರಾಜಾ ರಾಣಿ ಯಾರೂ ಇಲ್ರಿ. ಮಣ್ಣು, ನೀರು, ನೀವು. ಈ ನೆಲ ಹ್ಯಾಂಗಿತ್ತು, ಹ್ಯಾಂಗಾಗಾಕತ್ತದ, ಅದ ಕತಿ."

"ನೀರು ನೋಡಾಕ ಯಾರ್ ಬರ್ತಾರ್ರಿ? ಎಲ್ಲರ ಮನ್ಯಾಗೂ ಕೊಡದಾಗ ಅದ!"

ಸಾಹೇಬರು ನಕ್ಕರು. ಆದರೆ ಮಾಡಿದ್ದು ತಮ್ಮ ಮನಸ್ಸಿನಂತೆಯೇ. ಒಡ್ಡಿನ ಮೇಲೆ ಮಣ್ಣಿನ ಬುಟ್ಟಿ ಹೊತ್ತ ಹೆಂಗಸರ ಮುಖ ಬಿಟ್ಟು ಬರಿಯ ಪಾದ ತೆಗೆದರು. ದೋಣಿಯ ನೀರಿನಲ್ಲಿ ಬಿಸಿಲು ಕುಣಿಯುವುದನ್ನು ನೋಡುತ್ತ ಅರ್ಧ ದಿನ ಕೂತರು. "ಪಾಪ, ತಾಯಿ ಇಲ್ಲದ ಮಗಾನೋ ಏನೋ" ಎಂದು ಮರುಗಿದ ಆಯಿ ಎಳೆಜೋಳದ ಸೀತನಿ ತೆನೆ ಸುಟ್ಟು, ಬಿಸಿ ಕಾಳು ಉಜ್ಜಿ, ಖಾರದ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಸಾಹೇಬರು ಮತ್ತೊಮ್ಮೆ ಕೇಳಿ ತಿಂದರು. ಅಂದಿನಿಂದ ಅವರು ನಮ್ಮ ಮನೆಯವರೇ ಆಗಿಬಿಟ್ಟರು.

ನನಗೆ ಒಂದೇ ಹಠ. ಆ ಡಬ್ಬಿಯೊಳಗೆ ನಾನು ಹೋಗಬೇಕು. ಪಂಚಮಿಗೆ ಹೊಲಿಸಿದ ಹಸಿರು ಪರಕಾರ ಉಟ್ಟು, ತಲೆಗೆ ಎಣ್ಣೆ ಸುರಿದುಕೊಂಡು ದೋಣಿಯ ಬಳಿ ನಿಂತೆ. ಸಾಹೇಬರು ಬೇಡ ಎನ್ನಲಿಲ್ಲ. "ನನ್ನ ಕಡಿ ನೋಡಬ್ಯಾಡ ಮಗಳ, ನೀರಿನ್ಯಾಗ ಆಟ ಆಡು" ಎಂದರು. ಆದರೆ ಕ್ಯಾಮೆರಾ ಗುರ್ರ್ ಎನ್ನುತ್ತಲೇ ನಾನು ಕೈ ಜೋತುಬಿಟ್ಟು, ಉಸಿರು ಕಟ್ಟಿ, ಅವರನ್ನೇ ನೋಡುತ್ತ ಕಂಬದ ಹಾಗೆ ನಿಂತೆ. ಎರಡನೆಯ ಸಲವೂ ಅದೇ. ಎರಡನೆಯ ಮಹಾಯುದ್ಧದ ಕಾಲ, ರೀಲು ಸಿಗುತ್ತಿರಲಿಲ್ಲ. "ಸ್ವಲ್ಪೇ ಉಳದದ. ಬಾವಿ ಮುಳುಗೂಕಿಂತ ಮೊದ್ಲು ಕಪಲಿ ತಗೀಬೇಕು. ನೀ ಈ ಕಡಿ ಬಾ ಮಗಳ" ಎಂದು ನನ್ನನ್ನು ಕ್ಯಾಮೆರಾದ ಹಿಂದಕ್ಕೆ ಕರೆದರು. ನಾನು ಇಳಿಜಾರಿನ ಬುಡದಲ್ಲಿ, ಅವರ ಬೆನ್ನ ಹಿಂದೆ ಕೂತು, ಪರಕಾರದಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮುತ್ಯಾ ಮೇಲಿನಿಂದ ಕೂಗಿ ಕೇಳಿದ: "ಸಾಹೇಬ್ರ, ಹಾಡೂನೂ ಅದ್ರಾಗ ಬರ್ತದೇನ್ರಿ?"

"ಇಲ್ಲ ಮುತ್ಯಾ. ಈ ಮಷೀನಿಗಿ ಕಿವಿ ಇಲ್ಲ."

ಸಾಹೇಬರು ಕೈ ಎತ್ತಿದರು, ಕ್ಯಾಮೆರಾ ತಿರುಗಿತು. ಮುತ್ಯಾ ಹಗ್ಗದ ಮೇಲೆ ಕೂತ, ಬಾಯಿ ಮುಚ್ಚಿ, ಹುಮನಾಬಾದಿನ ಫೋಟೋದಲ್ಲಿದ್ದ ಹಾಗೆಯೇ ಕಣ್ಣು ಕಿಸಿದು. ಕಿವಿಯಿಲ್ಲದ ಮಷೀನಿಗೆ ಹಾಡೇಕೆ ಎಂದು ಅವನ ಲೆಕ್ಕ. ಎತ್ತುಗಳು ಹೆಜ್ಜೆ ಕೀಳಲಿಲ್ಲ. ಬಾರುಕೋಲಿಗೆ ಅಂಜಿ ನಡೆದ ಎತ್ತುಗಳಲ್ಲ ಅವು. ಹಾಡು ಕೇಳಿದರೆ ಇಳಿಯಬೇಕು, ಹಾಡು ನಿಂತರೆ ಹಿಂದಕ್ಕೆ ಸರಿಯಬೇಕು, ಅಷ್ಟೇ ಅವುಗಳಿಗೆ ಗೊತ್ತು. ಮುತ್ಯಾ ಉಸಿರು ಹಿಡಿದೇ ಇದ್ದ, ಎತ್ತುಗಳು ಮೆಲುಕು ಹಾಕುತ್ತಲೇ ಇದ್ದವು, ರೀಲು ಓಡುತ್ತಲೇ ಇತ್ತು.

ಸಾಹೇಬರು ಕ್ಯಾಮೆರಾ ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ಮುತ್ಯಾ, ಇನ್ನು ಒಂದ ಒಂದು ಚೀಲಕ್ಕಾಗೋವಷ್ಟು ಉಳದದ. ಮಷೀನಿಗಿ ಕೇಳ್ದಿದ್ರೂ ಎತ್ತಿಗಿ ಕೇಳಬೇಕಲ್ಲ. ಹಾಡ್ರಿ."

ಮುತ್ಯಾ ನಾಚಿದ. ಹಗ್ಗದ ಮೇಲೆ ಕೂತು ಒಮ್ಮೆ ಬಾವಿಯ ಕಡೆ ನೋಡಿದ. ಆಮೇಲೆ ಇಳಿಜಾರಿನ ಬುಡದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ನನ್ನ ಕಡೆ ನೋಡಿದ. ಕ್ಯಾಮೆರಾ ತಿರುಗಿತು.

"ಮೊದಲ ನೀರು ಯಾರಿಗಿ? ಬುಗುಡಿಯ ಬೊಗಸಿಗಿ!"

ಎತ್ತುಗಳು ಇಳಿದವು. ಬಾವಿಯ ಮೇಲಿನ ಗಾಲಿ ಕಿರುಗುಟ್ಟಿತು, ಚೀಲ ಮೇಲೆ ಬಂದು ದಬದಬನೆ ನೀರು ಸುರಿಯಿತು. ಮುತ್ಯಾ ನಗುತ್ತ, ಬಾಯಿ ತುಂಬ ನನ್ನ ಹೆಸರು ಹಾಡುತ್ತ ನೇರ ನಮ್ಮ ಕಡೆಗೇ ಬಂದ. ರೀಲು ಮುಗಿಯಿತು.

ಆಯಿ ಮಾತ್ರ ಸಿಟ್ಟಾದಳು. "ಭೂಮಿತಾಯಿನ್ನ ಬಿಟ್ಟು ಕೂಸಿನ ಹೆಸರು ಮೊದ್ಲು ಹಾಡ್ತಾರೇನು? ವಯಸ್ಸಾದಂಗ ಬುದ್ಧಿ ಕಡಿಮಿ ಆಗಾಕತ್ತದ!"

"ಇದ್ದದ್ದು ಒಂದ ಚೀಲ" ಎಂದ ಮುತ್ಯಾ. "ಅದ್ರಾಗ ಬುಗುಡಿ ಇರಬೇಕಲ್ಲ. ಭೂಮಿತಾಯಿ ಹಡದಾಕಿ, ಅಕಿಗಿ ತಿಳೀತದ."

ಮುಂದಿನ ಮಳೆಗಾಲದಲ್ಲಿ ಕೆರೆ ತುಂಬಿತು, ಬಾವಿ ಹೋಯಿತು. ಗುಡ್ಡದ ಹೊಲದಲ್ಲಿ ಬಾವಿ ಇರಲಿಲ್ಲ, ಹಾಗಾಗಿ ಹಾಡೂ ಇರಲಿಲ್ಲ. ಸುಮ್ಮನೆ ಕೂತು ಹಾಡು ಎಂದರೆ ಮುತ್ಯಾ "ಎತ್ತಿಲ್ಲದ ಯಾರಿಗಿ ಹಾಡ್ಲೆ?" ಎನ್ನುತ್ತಿದ್ದ. ಮೂರು ವರ್ಷಕ್ಕೆ ಅವನೂ ಹೋದ.

ಐವತ್ತು ವರ್ಷ ದಾಟಿದ ಮೇಲೆ ಯೂಸುಫ್ ಸಾಹೇಬರ ಮಗಳು ಆ ಚಿತ್ರವನ್ನು ಸರಿಮಾಡಿಸಿ ಹುಮನಾಬಾದಿನ ಒಂದು ಶಾಲೆಯಲ್ಲಿ ತೋರಿಸಿದಳು. ಸಾಹೇಬರು ಆಗಲೇ ತೀರಿಕೊಂಡಿದ್ದರು. ನಾನು ಕೋಲೂರಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಮಣ್ಣು ಹೊತ್ತ ಪಾದಗಳು ಬಂದವು, ದೋಣಿಯ ಬಿಸಿಲು ಬಂತು. ಉಸಿರು ಕಟ್ಟಿ ನಿಂತ ಹುಡುಗಿಯನ್ನು ಕತ್ತರಿಸಿ ತೆಗೆದಿದ್ದರು. ಕೊನೆಗೆ ಎತ್ತುಗಳು ಇಳಿದವು, ಮುತ್ಯಾ ಬಾಯಿ ತೆರೆದು ಹಾಡುತ್ತ ನನ್ನ ಕಡೆಗೆ ಬಂದ. ಸದ್ದೇ ಇಲ್ಲ. ಕೆರೆಯೂ ಇದೆ, ನಾಲ್ಕೂರಿಗೆ ನೀರೂ ಇದೆ, ಮುತ್ಯಾ ಹೇಳಿದ್ದೇನೂ ಸುಳ್ಳಾಗಲಿಲ್ಲ. ಹೋದದ್ದು ಆ ಬಾಯಿಯೊಳಗಿನದು.

ದೀಪ ಹಾಕಿದ ಮೇಲೆ ಆ ಮಗಳು ಹೇಳಿದಳು: "ಇವರು ಏನು ಹಾಡಾಕತ್ತಾರ ಅಂತ ಅಬ್ಬಾನ ಕಾಗದಪತ್ರದಾಗ ಎಲ್ಲೂ ಇಲ್ರಿ. ಇಲ್ಲಿ ಯಾರಿಗರೆ ಗೊತ್ತದೇನ್ರಿ?"

ನಾನು ಎದ್ದು ನಿಂತೆ.

"ನನ್ನ ಹೆಸರು" ಎಂದೆ.

ಈಗ ನನ್ನನ್ನು ಎಲ್ಲರೂ ಗೌರಮ್ಮನವರೇ ಎನ್ನುತ್ತಾರೆ. ಬುಗುಡಿ ಎಂದು ಕರೆಯುವವನು ಒಬ್ಬನೇ, ಆ ಪರದೆಯ ಮೇಲೆ.