ಮೊಣಕೈಯಿಂದ ನಲ್ಲಿ ತಿರುಗಿಸುತ್ತಿದ್ದ ಗಂಗಮ್ಮ

ಸಿದ್ದಗಂಗಮ್ಮ ನಲ್ಲಿಯನ್ನು ಬೆರಳಿನಿಂದ ಮುಟ್ಟಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮೊಣಕೈಯಿಂದ ತಿರುಗಿಸುತ್ತಿದ್ದರು, ಮೊಣಕೈಯಿಂದಲೇ ನಿಲ್ಲಿಸುತ್ತಿದ್ದರು. ಅಡುಗೆಮನೆ ಬಾಗಿಲನ್ನು ಸೊಂಟದಿಂದ ತಳ್ಳಿ ಒಳಗೆ ಬರುತ್ತಿದ್ದರು. ತೊಳೆದ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ಯಾವುದಕ್ಕೂ ತಾಗಿಸದೆ, ನೀರು ತಾನಾಗಿ ಇಳಿದುಹೋಗುವವರೆಗೂ ಒಲೆಯ ಮುಂದೆ ನಿಂತಿರುತ್ತಿದ್ದರು. ಮೊದಲ ದಿನ ನೋಡಿದಾಗ ಈಯಮ್ಮ ಅಡುಗೆಗೆ ಬಂದಿದ್ದಾರೋ ಆಪರೇಷನ್ ಮಾಡಲು ಬಂದಿದ್ದಾರೋ ಎಂದು ನನಗೆ ನಗು ಬಂದಿತ್ತು. ಈಗ ಆ ಕೈಗಳು ನೆನಪಾದರೆ ನಗು ಬರುವುದಿಲ್ಲ.

ರಾಜಾನುಕುಂಟೆಯಿಂದ ಸ್ವಲ್ಪ ಒಳಗೆ ನಮ್ಮ ಮಾವನವರು ಕಟ್ಟಿಸಿದ ಮನೆಯೊಂದಿತ್ತು. ಆರ್.ಟಿ. ನಗರದ ಸದ್ದುಗದ್ದಲ ಸಾಕಾಗಿ ನಾವು ಅಲ್ಲಿಗೇ ಹೋದೆವು. ನಮ್ಮವರು ದಿನಾ ಹೆಬ್ಬಾಳದ ಆಫೀಸಿಗೆ ಹೋಗುತ್ತಿದ್ದರು. ನಾನು ಮೇಲಿನ ಮೂರು ಕೋಣೆಗಳನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡತೊಡಗಿದೆ. ಅಡುಗೆಮನೆ ಮಾತ್ರ ಎಲ್ಲರಿಗೂ ಒಂದೇ. ಟೀ, ಕಾಫಿ ಬೇಕಾದವರು ತಾವೇ ಬಂದು ಕಾಯಿಸಿಕೊಳ್ಳಬಹುದು, 'ನಿಮ್ಮದೇ ಮನೆ ಅಂದುಕೊಳ್ಳಿ' ಎಂದು ಜಾಹೀರಾತಿನಲ್ಲಿ ಬರೆದು ಬೀಗಿದ್ದೆ. ಅಡುಗೆಗೆ ಸಿಕ್ಕವರು ಅದೇ ಊರಿನ ಗಂಗಮ್ಮ. ಅರವತ್ತು ದಾಟಿತ್ತು. ಇಪ್ಪತ್ತು ವರ್ಷ ಪಟ್ಟಣದ ಆಸ್ಪತ್ರೆಯೊಂದರಲ್ಲಿ ವಾಂತಿಭೇದಿ ವಾರ್ಡಿನ ಆಯಾ ಆಗಿದ್ದವರು.

ನಿಮ್ಮದೇ ಮನೆ ಅಂದುಕೊಳ್ಳಿ ಎಂಬ ನನ್ನ ಮಾತು ಕೇಳಿ ಅವರು, "ಅವ್ರ್ ಮನೆ ಅಂದ್ಕೊಂಡ್ರೆ ಅವ್ರ್ ಮನೆ ರೋಗಾನೂ ನಮ್ದೇ ಅಲ್ವಾ ಕಣಮ್ಮ?" ಎಂದಿದ್ದರು.

ಬಂದ ಮೊದಲ ವಾರವೇ ಅವರು ನನ್ನ ಮಸಿಬಟ್ಟೆಯ ಮೇಲೆ ಯುದ್ಧ ಸಾರಿದರು. ಬಿಸಿ ಪಾತ್ರೆ ಇಳಿಸಲು, ಕಟ್ಟೆ ಒರೆಸಲು, ಕೈ ಒರೆಸಿಕೊಳ್ಳಲು ನನಗೆ ಒಂದೇ ಬಟ್ಟೆ ಸಾಕಾಗುತ್ತಿತ್ತು. ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳು. ಗಂಗಮ್ಮ ಅದನ್ನು ಇಕ್ಕಳದಿಂದ ಎತ್ತಿ, "ಇದು ರೋಗಗಳ ತವರ್ಮನೆ" ಎಂದು ಹಂಡೆಯ ಒಲೆಗೆ ಹಾಕಿದರು. ಆಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಬಟ್ಟೆ ಬಂತು. ದಿನಾ ಸಂಜೆ ಅವನ್ನೆಲ್ಲ ಹಂಡೆಯಲ್ಲಿ ಕುದಿಸುತ್ತಿದ್ದರು. ಸಾರಿನ ಉಪ್ಪು ನೋಡಬೇಕಾದರೆ ಸೌಟಿನಿಂದ ಒಂದು ಚಮಚಕ್ಕೆ ಬಗ್ಗಿಸಿಕೊಂಡು, ಆ ಚಮಚವನ್ನು ಬಾಯಿಗಿಟ್ಟು, ತೊಳೆಯಲು ಹಾಕಿಬಿಡುತ್ತಿದ್ದರು. ನಾನು ಸೌಟನ್ನೇ ಅಂಗೈಗೆ ತಟ್ಟಿ ನೆಕ್ಕಿದರೆ ಉರಿದು ಬೀಳುತ್ತಿದ್ದರು.

"ಕೈ ಅನ್ನೋದು ಊರ್ ಸುತ್ತೋ ನಾಯಿ ಕಣಮ್ಮ. ಎಲ್ಲೆಲ್ಲಿ ಬಾಯಾಕಿ ಬಂದಿರ್ತದೋ! ಅದ್ನ ನಂಬಬ್ಯಾಡಿ."

ಊಟಕ್ಕೆ ಮುಂಚೆ ಎಲ್ಲರೂ ಅವರ ಮೂಗಿನ ಮುಂದೆ ಕೈ ಹಿಡಿಯಬೇಕಿತ್ತು. ಸೋಪಿನ ವಾಸನೆ ಬರಬೇಕು. ಬರದಿದ್ದರೆ ವಾಪಸ್ ನಲ್ಲಿಗೆ. ದೊಡ್ಡ ಕಾರಿನಲ್ಲಿ ಬಂದ ಅತಿಥಿಗಳನ್ನೂ ಬಿಡುತ್ತಿರಲಿಲ್ಲ. ಕೆಲವರು ನಗುತ್ತಿದ್ದರು, ಕೆಲವರು ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ನಾನು ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದೆ. ಮೂರೂವರೆ ವರ್ಷದ ನನ್ನ ಮಗಳು ಚಿನ್ನಿಗೆ ಮಾತ್ರ ಇದೊಂದು ಆಟ. ಕೈ ತೊಳೆದು ಓಡಿಬಂದು, "ಗಂಗಜ್ಜಿ, ಮೂಸು!" ಎನ್ನುತ್ತಿದ್ದಳು. ಅವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದು, "ಪಾಸು!" ಎನ್ನುತ್ತಿದ್ದರು.

ಆ ಶನಿವಾರ ಗಂಗಮ್ಮ ಬೆಳಿಗ್ಗೆಯೇ ಮಗಳನ್ನು ನೋಡಲು ಚಿಕ್ಕಬಾಣಾವರಕ್ಕೆ ಹೋಗಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದರು. ಮೇಲಿನ ಎರಡು ಕೋಣೆಗಳಲ್ಲಿ ಎರಡು ಸಂಸಾರ. ಮೂರನೆಯದರಲ್ಲಿ ಹಿಂದಿನ ರಾತ್ರಿಯಷ್ಟೇ, ಎಲ್ಲೆಲ್ಲೋ ಪ್ರವಾಸ ಮಾಡಿ ವಿಮಾನ ಇಳಿದು ನೇರ ನಮ್ಮಲ್ಲಿಗೆ ಬಂದಿದ್ದ ಒಬ್ಬ ಯುವಕ. ಬೆಳಿಗ್ಗೆ ತಾನೇ ಅಡುಗೆಮನೆಗೆ ಬಂದು ಟೀ ಮಾಡಿಕೊಂಡ. ಸ್ವಲ್ಪ ಹೊತ್ತಿಗೆ ಮೇಲಿನಿಂದ ವಾಂತಿಯ ಸದ್ದು. ಹೋಗಿ ನೋಡಿದರೆ ಬಚ್ಚಲಿನ ನೆಲದ ಮೇಲೆ ಕೂತು ನಡುಗುತ್ತಿದ್ದ.

"ಸಾರಿ ಮೇಡಂ. ಎರಡು ದಿನದಿಂದ ಹೊಟ್ಟೆ ಕೆಟ್ಟಿದೆ. ಅಲ್ಲೇ ಎಲ್ಲೋ ತಿಂದಿದ್ದು."

ಪಾಪ ಎನ್ನಿಸಿತು. ಓಆರ್‌ಎಸ್ ಕಲಸಿ ಕೊಟ್ಟೆ. ಫಿನಾಯಿಲ್ ಸುರಿದು ಬಚ್ಚಲು ತೊಳೆದೆ. ಉಳಿದವರಿಗೆ ಹೇಳಲಿಲ್ಲ. ಹೇಳಿದರೆ ಗಂಟುಮೂಟೆ ಕಟ್ಟಿಯಾರು ಎಂಬ ಹೆದರಿಕೆ. ಅಷ್ಟರಲ್ಲಿ ಊಟದ ಹೊತ್ತಾಗಿಬಿಟ್ಟಿತ್ತು. ಕೆಳಗೆ ಓಡಿಬಂದು ಕೈಯನ್ನು ನೀರಿಗೆ ಒಡ್ಡಿ, ದುಪಟ್ಟಾಕ್ಕೆ ಒರೆಸಿಕೊಂಡು, ನೆನೆಸಿಟ್ಟ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನತುರಿ, ಕೊತ್ತಂಬರಿ, ನಿಂಬೆರಸ ಹಾಕಿ ಕೋಸಂಬರಿ ಕಲಸಿದೆ. ಕೋಸಂಬರಿಯನ್ನು ಚಮಚದಲ್ಲಿ ಕಲಸುವವರು ಯಾರಿದ್ದಾರೆ? ಕೈಯಲ್ಲೇ ಕಲಸಿದೆ. ಚಿನ್ನಿ ಬಂದು ಕಾಲಿಗೆ ತೆಕ್ಕೆಬಿದ್ದಳು. ನಮ್ಮಮ್ಮ ನನಗೆ ಮಾಡುತ್ತಿದ್ದಂತೆಯೇ ಒಂದು ಚಿಟಿಕೆ ತೆಗೆದು ಅವಳ ಅಂಗೈಗೆ ಹಾಕಿ, "ಉಪ್ಪು ಸಾಕಾ ನೋಡು ಪುಟ್ಟಾ" ಎಂದೆ. ನೆಕ್ಕಿ, "ಇನ್ನೊಂಚೂರು ಕೊಡು" ಎಂದಳು. ಕೊಟ್ಟೆ.

ಗಂಗಮ್ಮ ಬಾಗಿಲನ್ನು ಸೊಂಟದಿಂದ ತಳ್ಳಿಕೊಂಡು ಬಂದವರೇ ನಿಂತುಬಿಟ್ಟರು. "ಫಿನಾಯ್ಲ್ ಯಾಕ್ ನಾರ್ತೈತೆ? ಯಾರ್ಗೆ ಏನಾಯ್ತು?"

ಮೇಲಿನ ಹುಡುಗನಿಗೆ ಸ್ವಲ್ಪ ಹೊಟ್ಟೆ ಸರಿಯಿಲ್ಲ ಎಂದು ಹಗುರವಾಗಿ ಹೇಳಿದೆ.

"ಬಚ್ಚಲು ಯಾರ್ ತೊಳ್ದಿದ್ದು?"

"ನಾನೇ."

"ಕೈ ತೋರ್ಸಿ."

ತೋರಿಸಿದೆ. ಮೂಸಿದರು. ನಿಂಬೆಹಣ್ಣು, ಕೊತ್ತಂಬರಿ, ಅದರ ಹಿಂದೆ ಸಣ್ಣಗೆ ಫಿನಾಯಿಲ್. ಸೋಪಿಲ್ಲ. ಅವರು ಕೋಸಂಬರಿಯ ಬೋಗುಣಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಗುಂಡಿ ತೋಡಿ ಅದನ್ನು ಸುರಿದು, ಮೇಲೆ ಬ್ಲೀಚಿಂಗ್ ಪೌಡರ್ ಚೆಲ್ಲಿ ಮಣ್ಣು ಮುಚ್ಚಿದರು. ನನಗೆ ನೆತ್ತಿಗೇರಿತು.

"ಜನ ಊಟಕ್ಕೆ ಕೂತಿದ್ದಾರೆ ಗಂಗಮ್ಮ! ಏನ್ ಮಾಡ್ತಿದ್ದೀರಾ ನೀವು?"

"ಯಾರಾದ್ರೂ ತಿಂದವ್ರಾ ಇದ್ನ?"

"ಯಾರೂ ತಿಂದಿಲ್ಲ."

"ನಾನು ತಿಂದೆ," ಎಂದಳು ಚಿನ್ನಿ, ನನ್ನ ಹಿಂದಿನಿಂದ.

ಗಂಗಮ್ಮನ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅದುವರೆಗೂ ನನಗೆ ಬಹುವಚನ ಬಿಟ್ಟು ಮಾತಾಡದವರು ಅವತ್ತು, "ಏನ್ ಮಾಡ್ಬುಟ್ಟೆ ನೀನು! ಮಗೀಗೇ ಕೊಟ್ಯಾ?" ಎಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ದೂರ ನಿಂತು ನೋಡಿದೆ, ನನ್ನನ್ನು ಅವರು ಒಲೆಯ ಹತ್ತಿರ ಬರಗೊಡಲಿಲ್ಲ. ಆ ಹುಡುಗ ಮುಟ್ಟಿದ್ದ ಟೀ ಪಾತ್ರೆ, ಸಕ್ಕರೆ ಡಬ್ಬಿ, ಫ್ರಿಜ್ಜಿನ ಹಿಡಿ, ಸ್ವಿಚ್ಚು, ಗ್ಯಾಸಿನ ತಿರುಗಣೆ ಯಾವುದನ್ನೂ ಬಿಡಲಿಲ್ಲ. ಬ್ಲೀಚಿಂಗ್ ನೀರಿನಲ್ಲಿ ಒರೆಸಿದರು, ಸೌಟು ಚಮಚ ಕುದಿಸಿದರು. ಹೆಚ್ಚಿಟ್ಟ ಹಣ್ಣು, ಹಸಿ ತರಕಾರಿ ಎಲ್ಲ ಗುಂಡಿಗೆ. ಬಚ್ಚಲನ್ನು ಮೊದಲಿನಿಂದ ಮತ್ತೆ ತೊಳೆದು, ಆ ಬಕೆಟ್ಟು ಅಡುಗೆಮನೆಯ ಹೊಸ್ತಿಲು ದಾಟದಂತೆ ಅದಕ್ಕೆ ಕೆಂಪು ದಾರ ಕಟ್ಟಿದರು. ಹುಡುಗನ ತಟ್ಟೆ ಲೋಟ ಬೇರೆ ಮಾಡಿ, ಗಂಜಿಯನ್ನು ಕೋಣೆಗೇ ಕೊಟ್ಟರು. ನಾನು ಅವನನ್ನು ಬೈಯಲು ಬಾಯಿ ತೆರೆದರೆ ತಡೆದರು. "ಬಂದ್ ರೋಗಕ್ಕೆ ಅವ್ನೇನ್ ಮಾಡ್ಯಾನು? ವಾಂತಿಭೇದಿ ನಿಂತ್ ಮ್ಯಾಲೂ ಎರಡ್ ದಿನ ಅಡ್ಗೆಮನೆಗ್ ಕಾಲಿಡ್ಬ್ಯಾಡ ಅಂತೇಳಿ, ಸಾಕು." ಉಳಿದವರಿಗೆ ನನ್ನ ಬಾಯಿಂದಲೇ ನಿಜ ಹೇಳಿಸಿದರು. ಒಂದು ಸಂಸಾರ ಹೊರಟುಹೋಯಿತು. ಇನ್ನೊಂದು ಬಿಸಿಬಿಸಿ ಸಾರನ್ನ ಉಂಡು ಉಳಿಯಿತು.

ಭಾನುವಾರ ಏನೂ ಆಗಲಿಲ್ಲ. ಚಿನ್ನಿ ಕೆಮ್ಮಿದರೂ ಓಡುತ್ತಿದ್ದೆ, ಸುಮ್ಮನಿದ್ದರೂ ಓಡುತ್ತಿದ್ದೆ. ಹಣೆ ಮುಟ್ಟಿ ನೋಡಿ ನೋಡಿ ಅವಳಿಗೇ ಬೇಸರ ಬಂತು. ನೋಡಿದಿರಾ, ಸುಮ್ಮನೆ ಹೆದರಿಸಿದಿರಿ ಎಂದು ಗಂಗಮ್ಮನಿಗೆ ಹೇಳಬೇಕೆಂದು ಸಂಜೆಯವರೆಗೂ ಆಸೆಯಿಂದ ಕಾದೆ. ಸೋಮವಾರ ಬೆಳಿಗ್ಗೆ ಹಾಲು ಕುಡಿದ ಮಗು ಗೋಡೆಗೆ ಒರಗಿ, "ಅಮ್ಮಾ, ಹೊಟ್ಟೆ" ಎಂದಿತು. ಅಷ್ಟೇ. ಆಮೇಲೆ ನಿಲ್ಲಲಿಲ್ಲ.

ಗಂಗಮ್ಮ ಚಿನ್ನಿಯನ್ನು ಮಡಿಲಿಗೆ ಹಾಕಿಕೊಂಡು ಓಆರ್‌ಎಸ್ ನೀರನ್ನು ಚಮಚ ಚಮಚವಾಗಿ ಬಿಟ್ಟರು. ವಾಂತಿ ಮಾಡಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಚಮಚ. ಮಧ್ಯಾಹ್ನದ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದು, ಅತ್ತರೆ ಕಣ್ಣೀರೇ ಬರಲಿಲ್ಲ.

"ಉಚ್ಚೆ ಓಯ್ದು ಎಷ್ಟೊತ್ತಾಯ್ತು?" ಎಂದರು ಗಂಗಮ್ಮ.

ನನಗೆ ನೆನಪಿರಲಿಲ್ಲ.

"ನಡಿ, ಆಸ್ಪತ್ರೆಗೆ."

ಯಲಹಂಕದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಆ ಪುಟ್ಟ ಕೈಯಲ್ಲಿ ನರ ಸಿಗಲಿಲ್ಲ. ಮೂರು ಸಲ ಚುಚ್ಚಿದರು. ಮೂರನೆಯ ಸಲಕ್ಕೆ ನರ ಸಿಕ್ಕಿತು, ಆದರೆ ಅಷ್ಟರಲ್ಲಿ ಅವಳು ಅಳುವುದನ್ನೂ ಬಿಟ್ಟಿದ್ದಳು. ನನ್ನ ಮಗು ಹೋಗಿಬಿಡುತ್ತದೆ ಎಂದು ನನಗೆ ಖಾತ್ರಿಯಾಗಿ ಹೋಯಿತು. ಹೊರಗೆ ಬೆಂಚಿನ ಮೇಲೆ ಕುಸಿದು, "ನನ್ ಕೈಯಿಂದಾನೇ ಆಯ್ತು ಗಂಗಮ್ಮ, ನನ್ ಕೈಯಾರೆ ಕೊಟ್ಟೆ" ಎಂದು ಅತ್ತೆ. ಅಲ್ಲ ಎಂದು ಅವರು ಹೇಳಲಿಲ್ಲ. ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾ ಹೇಳಿದರು.

"ಒಂದ್ ಸತಿ ನಮ್ಮಣ್ಣನ್ ಮೊಮ್ಮಗೀನ ನಾಮಕರಣ ಇತ್ತು. ಅದ್ರ್ ಮುಂಚಿನ್ ದಿನ ನಂಗ್ ಒಂದೆರಡ್ ಸತಿ ಭೇದಿ ಆಗಿತ್ತು. ನಿಂತೋಯ್ತಲ್ಲ, ಏನಾಯ್ತದೆ ಅಂತ ನಾಮಕರಣಕ್ ಓದೆ. ಆಯಾ ಕಣಮ್ಮ ನಾನು, ಎಲ್ಲಾ ಗೊತ್ತಿತ್ತು. ಆದ್ರೂ ಎಲ್ರಿಗೂ ಮೊಸರನ್ನ ಕಲಸ್ದೆ, ಈ ಕೈಲೇ. ಬೋ ರುಚಿ ಆಗೈತೆ ಅಂತ ನಮ್ಮವ್ವ ಎರಡ್ ಸತಿ ಆಕಿಸ್ಕೊಂಡ್ಳು. ಆಮ್ಯಾಕೆ ಆಸಿಗೆ ಇಡ್ದೋಳು ಏಳ್ಲೇ ಇಲ್ಲ. ನನ್ನ ಯಾರೂ ಏನೂ ಅನ್ಲಿಲ್ಲ. ಯಾರ್ಗೂ ಗೊತ್ತೇ ಇಲ್ಲ. ನಂಗ್ ಗೊತ್ತು."

ನಾನು ಅವರ ಕೈ ಹಿಡಿಯಲು ಹೋದೆ. ಹಿಂದಕ್ಕೆ ಎಳೆದುಕೊಂಡರು.

ಸಂಜೆ ಬೆಳಕಿರುವಾಗಲೇ ನರ್ಸ್ ಹೊರಗೆ ಬಂದು ಮಗು ಮೂತ್ರ ಮಾಡಿತು ಎಂದರು. ಗಂಗಮ್ಮ ಆಸ್ಪತ್ರೆಯ ಕಾರಿಡಾರಿನಲ್ಲೇ ನೆಲಕ್ಕೆ ಹಣೆ ಹಚ್ಚಿದರು. ಎರಡು ದಿನ ಅಲ್ಲಿದ್ದು ಚಿನ್ನಿ ಮನೆಗೆ ಬಂದಳು. ನನಗೆ ಮಾತ್ರ ಏನೂ ಆಗಲಿಲ್ಲ. ಅದಕ್ಕೇ ನನಗೆ ನನ್ನ ಮೇಲೆ ಸಿಟ್ಟು.

ನಾವು ಬಂದ ಮಾರನೆಯ ದಿನ ಗಂಗಮ್ಮ ಕೆಲಸಕ್ಕೆ ಬರಲಿಲ್ಲ. ಫೋನ್ ಮಾಡಿದರೆ ದನಿ ಬಾವಿಯೊಳಗಿನಿಂದ ಬಂದಂತಿತ್ತು. ಮಗುವಿನ ವಾಂತಿ ಬಳಿದವರಿಗೆ ಅದೇ ರೋಗ ಅಂಟಿತ್ತು. "ನೀವ್ ಬರ್ಬ್ಯಾಡಿ. ಮಗೂನೂ ಇಲ್ಲಿಗ್ ಬರಾದ್ ಬ್ಯಾಡ. ಮಗ್ಳು ಕರ್ಕೊಂಡ್ ಓಯ್ತಾವ್ಳೆ" ಎಂದು ಫೋನಿಟ್ಟರು. ಮತ್ತೆ ಅದೇ ಭಯ. ಈ ಸಲ ಓಡಿಹೋಗಿ ಹಣೆ ಮುಟ್ಟಿ ನೋಡುವ ಹಾಗೂ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಚಿಕ್ಕಬಾಣಾವರಕ್ಕೆ ಫೋನ್ ಮಾಡುತ್ತಿದ್ದೆ.

ಹತ್ತು ದಿನಗಳಾದ ಮೇಲೆ ಮಗಳ ಮನೆಯಿಂದ ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಗೇಟಿನ ಹೊರಗೇ ನಿಂತರು.

"ಒಳಗ್ ಬನ್ನಿ ಗಂಗಮ್ಮ."

"ಇಲ್ಲ ಕಣಮ್ಮ. ಬ್ಯಾರೆ ಯಾರ್ನಾದ್ರೂ ಅಡ್ಗೆಗ್ ಇಟ್ಕಳಿ. ಅದ್ನ ಏಳೋಕೇ ಬಂದೆ."

"ನಿಮ್ಗೆ ಗುಣ ಆಗಿದ್ಯಲ್ಲಾ? ಎರಡ್ ದಿನ ಅಲ್ಲ, ವಾರ ಆಯ್ತು. ನಿಮ್ಮ ಲೆಕ್ಕಾನೇ ಅದು!"

"ಲೆಕ್ಕ ಸರಿ ಐತೆ. ನಂಗೇ ಧೈರ್ಯ ಬತ್ತಿಲ್ಲ. ಒಂದ್ ಸತಿ ತಪ್ಪಿಸ್ಕೊಂಡೈತೆ ಮಗು."

ನಾನು ಒಳಗೆ ಓಡಿ ಸೋಪು, ಚೊಂಬಿನ ತುಂಬ ನೀರು ತಂದೆ. ಗೇಟಿನ ಪಕ್ಕದಲ್ಲೇ ಅವರ ಕೈಗೆ ನೀರು ಹಾಕಿದೆ. ಬೆರಳ ಸಂದಿ, ಉಗುರು, ಮಣಿಕಟ್ಟು, ಮೊಣಕೈವರೆಗೆ ಎಂದಿನಂತೆಯೇ ತೊಳೆದರು. ಆಮೇಲೆ ಎರಡೂ ಕೈಗಳನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಸೋಪಿನ ವಾಸನೆ ಬಿಟ್ರೆ ಏನೂ ಇಲ್ಲ ಗಂಗಮ್ಮ. ಪಾಸು," ಎಂದೆ.

ಅವರು ನಕ್ಕರು, ಆದರೆ ಒಪ್ಪಲಿಲ್ಲ. ಅಷ್ಟರಲ್ಲಿ ಚಿನ್ನಿ, "ಗಂಗಜ್ಜೀ!" ಎಂದು ಕೂಗಿಕೊಂಡು ಬಂದು ಅವರ ಮೊಣಕಾಲು ತಬ್ಬಿದಳು. ಗಂಗಮ್ಮ ಗಾಬರಿಯಿಂದ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಬಿಟ್ಟರು. ಮಗು ಬಿಡಲಿಲ್ಲ, ಅವರು ಕೈ ಇಳಿಸಲಿಲ್ಲ. ಕೊನೆಗೆ ಮೆಲ್ಲನೆ ಬಗ್ಗಿ, ಮೊಣಕೈಯಿಂದ ಅವಳ ನೆತ್ತಿಯನ್ನು ಸವರಿದರು. ಎರಡು ಸಲ ಸವರಿದರು. ನಾನು ಚಿನ್ನಿಯನ್ನು ಒಳಕ್ಕೆ ಎತ್ತಿಕೊಂಡ ಮೇಲೆ ಗೇಟನ್ನು ಸೊಂಟದಿಂದ ತಳ್ಳಿ ಮುಚ್ಚಿ, ಒದ್ದೆ ಕೈಗಳನ್ನು ಎದೆಯ ಮುಂದೆ ಹಿಡಿದುಕೊಂಡೇ ಬಸ್ ಸ್ಟಾಪಿನ ಕಡೆಗೆ ನಡೆದರು.