ಭಾವನ ಬಸೂನು, ನನ್ನ ಫ್ಯೂಸು

ನನ್ನ ಫ್ಯೂಸು ಇವತ್ತಿಗೂ ವಾಪಸ್ ಬಂದಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ, ಭಾವನ ಗುಣಗಾನ ಆಮೇಲೆ. ಹೊಗಳುವ ಭರದಲ್ಲಿ ಅವರು ಮಾಡಿದ ಕೆಲಸ ಮರೆತುಹೋಗಬಾರದು ನೋಡಿ.

ಕೆಳಗೆ ನನ್ನ ಗ್ಯಾರೇಜು, ಮೇಲೆ ಅಕ್ಕ, ಭಾವ. ಹಗಲೆಲ್ಲ ನಾನು ಟೈರು ಬಿಚ್ಚುತ್ತೇನೆ, ಪಂಕ್ಚರ್ ಹಾಕುತ್ತೇನೆ. ಸಂಜೆಯಾದರೆ ಷಟರು ಅರ್ಧ ಎಳೆದು ನಾವು ನಾಲ್ಕು ಜನ ಹೆವಿ ಮೆಟಲ್ ನುಡಿಸುತ್ತೇವೆ. ಗಿಟಾರು ನನ್ನದು. ಡ್ರಮ್ಸು ಬೇಕರಿಯವನದು, ಹಿಟ್ಟು ನಾದಿ ನಾದಿ ಅವನ ತೋಳು ಕಂಬದ ಹಾಗಿವೆ. ಬೇಸ್ ಗಿಟಾರು ಅವನ ತಮ್ಮನದು. ಹಾಡುವವನು ಬಸ್ ಡ್ರೈವರು. ಹಾಡುವುದೆಂದರೆ ನೀವು ತಿಳಿದ ಹಾಗಲ್ಲ, ಹೊಟ್ಟೆಯಿಂದ ಗುಡುಗುವುದು. ಅವನ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಹತ್ತುವ ಧೈರ್ಯ ಯಾರಿಗೂ ಇಲ್ಲ.

ನಾವೇ ಕಟ್ಟಿದ ಒಂದು ಹಾಡು ಇದೆ. ಅದರ ನಡುವೆ ಗಿಟಾರು ಒಂದೇ ಉಸಿರಿಗೆ ಓಡುವ ಒಂದು ಜಾಗ. ಅಲ್ಲಿ ನನ್ನ ಬೆರಳು ಜಾರುತ್ತದೆ. ಯಾವತ್ತೂ ಜಾರುತ್ತದೆ. ಜಾರಿದ ಕೂಡಲೇ ನಾನು ನಿಲ್ಲಿಸುತ್ತೇನೆ, ಸಿಟ್ಟಿಗೆ ಬಲಗಾಲಿನಿಂದ ನೆಲಕ್ಕೆ ದಡ್ ದಡ್ ಎಂದು ಎರಡು ಸಲ ಒದೆಯುತ್ತೇನೆ, ಬಾಯಿಗೆ ಬಂದದ್ದು ಬೈದು ಸ್ವಲ್ಪ ಹಿಂದಿನಿಂದ ಮತ್ತೆ ಶುರುಮಾಡುತ್ತೇನೆ. ವರ್ಷಗಟ್ಟಲೆ ಹೀಗೇ ನಡೆದು, ಆ ಜಾಗ ಬಂದರೆ ಬೇಕರಿಯವನ ಕೋಲು ತಾನಾಗಿಯೇ ಗಾಳಿಯಲ್ಲಿ ನಿಂತುಬಿಡುತ್ತಿತ್ತು.

ಒಂದು ದಿನ ರೆಕಾರ್ಡಿಂಗ್ ಮಾಡೋಣ ಎಂದು ಯಂತ್ರ ಬಾಡಿಗೆಗೆ ತಂದೆವು. ಹಾಡು ಶುರುವಾಯಿತು. ಆ ಜಾಗ ಬಂತು. ಬೆರಳು ಜಾರಲಿಲ್ಲ! ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ದಾಟಿಬಿಟ್ಟೆ. ಬೇಕರಿಯವನು ಬಾಯಿ ತೆರೆದು ನನ್ನನ್ನೇ ನೋಡಿದ. ಅಷ್ಟರಲ್ಲಿ ಫಟ್ ಎಂದು ಎಲ್ಲ ಆಫ್. ಗಿಟಾರು ಸತ್ತಿತು, ಯಂತ್ರ ಸತ್ತಿತು, ಅದರೊಳಗಿದ್ದ ಹಾಡೂ ಸತ್ತಿತು.

ಮೆಟ್ಟಿಲು ಹತ್ತಿ ಓಡಿದೆ. ಬೋರ್ಡಿನಲ್ಲಿ ನನ್ನ ಗ್ಯಾರೇಜಿನ ಫ್ಯೂಸಿನ ಜಾಗ ಬೋಳು. ಪಕ್ಕದಲ್ಲಿ ಭಾವ, ಒಂದು ಕೈ ಅಂಗಿ ಜೇಬಿನಲ್ಲಿ.

"ಭಾವಾ, ಫ್ಯೂಸ್ ಎಲ್ಲಿ?"

"ನನ್ನ ಹತ್ರ ಇದೆ."

"ಕೊಡಿ ಇಲ್ಲಿ."

"ಕೊಡಲ್ಲ. ಮೊದ್ಲು ಇದನ್ನ ನೋಡು." ಇನ್ನೊಂದು ಕೈ ಮುಂದೆ ಚಾಚಿದರು. ಅಂಗೈಯಲ್ಲಿ ಬೆರಳುದ್ದದ ಒಂದು ಒಣ ಜೊಂಡಿನ ಚೂರು, ನಡುವೆ ಸೀಳಿತ್ತು. "ಬಸೂನಿನ ಬಾಯಿಗೆ ಅಂತ ವಾರದಿಂದ ಹೆರೀತಿದ್ದ ರೀಡು. ನಿನ್ನ ಗಲಾಟೆಗೆ ಮೇಜು ಅಲ್ಲಾಡ್ತು, ಚಾಕು ಜಾರ್ತು."

"ಇಷ್ಟೇ ಇಷ್ಟು ಪೀಪಿಗೋಸ್ಕರ ನನ್ನ ಹಾಡು ಹಾಳ್ಮಾಡಿದ್ರಾ?"

"ಪೀಪಿ ಅನ್ಬೇಡ."

"ಪೀಪೀನೇ! ಪೀಪಿ, ಪೀಪಿ, ಪೀಪಿ!"

ಒಳಗಿನಿಂದ ಅಕ್ಕನ ದನಿ ಬಂತು. "ಇಬ್ರೂ ರಸ್ತೆಗೆ ಹೋಗಿ ಕಿತ್ತಾಡಿ. ಇಸ್ತ್ರಿ ಬಟ್ಟೆ ಮೇಲೆ ಉಗುಳು ಹಾರ್ತಿದೆ!"

ಹೊಸ ಫ್ಯೂಸು ಹಾಕಿಸಿದೆ, ಅದು ಬೇರೆ ಮಾತು. ಆ ಫ್ಯೂಸು ನನ್ನದು.

ಇನ್ನು ಭಾವನ ವಿಷಯ. ಅಕ್ಕನನ್ನು ಮದುವೆಯಾಗಿ ನಮ್ಮ ಮನೆಗೆ ಮೊದಲ ಸಲ ಬಂದಾಗ ಅವರ ಬಗಲಲ್ಲಿ ಉದ್ದನೆಯ ಕಪ್ಪು ಪೆಟ್ಟಿಗೆ ಇತ್ತು. ಕೋವಿ ಇರಬೇಕು ಎಂದುಕೊಂಡು ನಾನು ಆ ದಿನವೆಲ್ಲ ಅವರನ್ನು ಬಹುವಚನದಲ್ಲೇ ಮಾತನಾಡಿಸಿದೆ. ಅಭ್ಯಾಸ ಹಾಗೇ ಉಳಿಯಿತು, ಪೆಟ್ಟಿಗೆಯೊಳಗಿದ್ದದ್ದು ಮಾತ್ರ ಬಸೂನು. ಆಳೆತ್ತರದ ಮರದ ಕೊಳವೆ, ಪಕ್ಕದಿಂದ ಬಾಯಿಗೆ ಬರುವ ಸೊಟ್ಟ ಲೋಹದ ನಳಿಗೆ, ಅದರ ತುದಿಗೆ ಆ ಪೀಪಿ. ಊದಿದರೆ ನೆಗಡಿಯಾದ ಮುದುಕ ಒಳ್ಳೆಯ ಸುದ್ದಿ ಹೇಳಿದ ಹಾಗೆ ದನಿ ಬರುತ್ತದೆ. ನಾನು ಅದನ್ನು ಊದುಕೊಳವೆ ಎಂದೇ ಕರೆಯುವುದು.

ಶಾಲೆಯಲ್ಲಿ ವಾದ್ಯ ಹಂಚುವ ದಿನ ಭಾವ ಜ್ವರದಿಂದ ಮಲಗಿದ್ದರಂತೆ. ಎದ್ದು ಹೋಗುವ ಹೊತ್ತಿಗೆ ಪಿಟೀಲು, ಕೊಳಲು ಎಲ್ಲ ಖಾಲಿ. ಯಾರಿಗೂ ಬೇಡವಾದ ಬಸೂನು ಮೂಲೆಯಲ್ಲಿ ಒರಗಿತ್ತು. "ನಾನೂ ಅದೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ" ಎನ್ನುತ್ತಾರೆ, ಹೆಣ್ಣು ನೋಡಲು ಹೋದವರ ಹಾಗೆ. ಅಕ್ಕನಿಗೆ ಈ ಮಾತು ಕೇಳಿದರೆ ಈಗಲೂ ಉರಿಯುತ್ತದೆ. ಅವಳನ್ನು ನೋಡಲು ಬಂದ ದಿನ ಅವರು ನೋಡಿದ್ದು ಗೋಡೆ ಗಡಿಯಾರವನ್ನಂತೆ.

ಅವರ ಕೆಲಸ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ. ದಿನವಿಡೀ ಯಂತ್ರಗಳ ಗುಂಯ್‌ಗುಟ್ಟುವಿಕೆ ಕೇಳಿ ಬಂದವರಿಗೆ ಮನೆಯಲ್ಲಿ ಸದ್ದು ಕಂಡರಾಗದು. ಕುಕ್ಕರ್ ಕೂಗಿದರೂ ಎದ್ದು ಹೋಗಿ ಕಿಟಕಿ ಹಾಕುತ್ತಾರೆ. ಸಿಟ್ಟು ಬಂದರೆ ಕೂಗುವುದಿಲ್ಲ, ಓದುತ್ತಿದ್ದ ಪೇಪರನ್ನು ಮಡಿಸುತ್ತಾರೆ. ಸಿಟ್ಟು ಹೆಚ್ಚಿದಷ್ಟೂ ಮಡಿಕೆ ಹೆಚ್ಚು. ಫ್ಯೂಸಿನ ದಿನ ಪೇಪರು ಬೆಂಕಿಪೊಟ್ಟಣದಷ್ಟಾಗಿತ್ತು. ರೀಡನ್ನು ಲೋಟದ ನೀರಿನಲ್ಲಿ ನೆನೆಹಾಕಿ ಕಿಟಕಿಯಲ್ಲಿಡುವುದು ಅವರ ಪದ್ಧತಿ. ಒಂದು ಸಲ ಬಾಯಾರಿ ಮೇಲೆ ಹೋದಾಗ ನಾನು ಆ ನೀರು ಕುಡಿದುಬಿಟ್ಟೆ. "ರುಚಿ ಹೇಗಿತ್ತು?" ಎಂದಷ್ಟೇ ಕೇಳಿದರು.

ನಮ್ಮ ಊರಿನ ಸಿಂಫನಿ ಆರ್ಕೆಸ್ಟ್ರಾದಲ್ಲಿ ಭಾವನದು ಹಳೆಯ ಕುರ್ಚಿ. ಹಲ್ಲಿನ ಡಾಕ್ಟರು, ಲೆಕ್ಕದ ಟೀಚರು, ಔಷಧಿ ಅಂಗಡಿಯವರು ಎಲ್ಲ ಕರಿ ಕೋಟು ಹಾಕಿ ಅಲ್ಲಿ ಪಿಟೀಲು ಕುಯ್ಯುತ್ತಾರೆ. ಬಸೂನು ಇವರೊಬ್ಬರದೇ. ಕೋಲು ಹಿಡಿದು ಎಲ್ಲರನ್ನೂ ನಡೆಸುವವರು ಒಬ್ಬ ಮೇಡಂ. ಕೇಳುವವರು ಮಾತ್ರ ವರ್ಷ ವರ್ಷ ಕಮ್ಮಿಯಾಗಿ, ಸಭಾಂಗಣದ ಕುರ್ಚಿಗಳು ಅರ್ಧಕ್ಕರ್ಧ ಖಾಲಿ ಹೊಡೆಯುತ್ತಿದ್ದವು.

ಒಂದು ಸಂಜೆ ಆ ಮೇಡಂ ಕಾರಿನ ಟೈರು ನಮ್ಮ ಗ್ಯಾರೇಜಿನ ಮುಂದೆಯೇ ಠುಸ್ ಎಂದಿತು. ನಾವು ಹಾಡಿನ ಮಧ್ಯೆ ಇದ್ದೆವು. ಷಟರಿನ ಕೆಳಗಿಂದ ಬಗ್ಗಿ ಒಳಗೆ ಬಂದವರು ಪಂಕ್ಚರಿನ ಮಾತೇ ಎತ್ತಲಿಲ್ಲ.

"ಇದನ್ನ ನಮ್ಮ ಆರ್ಕೆಸ್ಟ್ರಾ ಜೊತೆ ನುಡಿಸ್ತೀರಾ?"

"ಮೇಡಂ, ನಿಮ್ಮವ್ರು ಹೆದರಿ ಸಾಯ್ತಾರೆ" ಎಂದ ಡ್ರೈವರು.

"ಸಾಯಲಿ ಬಿಡಿ, ಹಾಲ್ ಆದ್ರೂ ತುಂಬುತ್ತೆ."

ಆಕೆ ಮತ್ತೆ ಮತ್ತೆ ಬಂದು ನಮ್ಮ ಹಾಡು ಕೇಳಿ, ಪಿಟೀಲಿಗೆ ಇಷ್ಟು, ಕಹಳೆಗೆ ಇಷ್ಟು ಎಂದು ಹಾಳೆಯ ಮೇಲೆ ಬರೆದುಕೊಂಡರು. ನನ್ನ ಬೆರಳು ಜಾರುವ ಜಾಗವನ್ನು ಮಾತ್ರ ಜಾರದ ಹಾಗೆ ಬರೆದರು. "ಆ ದಿನ ಸರಿಹೋಗುತ್ತೆ ಅಲ್ವಾ?" ಎಂದರು. "ಹೋಗ್ದೆ ಏನು!" ಎಂದೆ, ಬೆವರುತ್ತ.

ಅಭ್ಯಾಸ ಶುರುವಾದ ಮೇಲೆ ಗೊತ್ತಾಯಿತು, ಅವರ ಶುರುವೇ ಬೇರೆ, ನಮ್ಮ ಶುರುವೇ ಬೇರೆ. ಮೇಡಂ ಕೋಲು ಕೆಳಗೆ ಬಂದ ಕ್ಷಣ ನಾವು ಧಡಾರ್ ಎನ್ನುತ್ತಿದ್ದೆವು. ಅವರು ಕೋಲು ಬಂದು, ಒಂದು ಉಸಿರು ಎಳೆದು, ಆಮೇಲೆ ಶುರುಮಾಡುತ್ತಿದ್ದರು. "ಇವ್ರೇನು ಕೋಲು ಕೂತು ಸುಧಾರಿಸ್ಕೊಳ್ಲಿ ಅಂತ ಕಾಯ್ತಾರಾ?" ಎಂದ ಬೇಕರಿಯವನು. ಹಲ್ಲಿನ ಡಾಕ್ಟರು ಕಿವಿಯಲ್ಲಿ ಹತ್ತಿ ತುರುಕಿಕೊಂಡು ನಗುತ್ತಲೇ ನುಡಿಸಿದರು. ಹೊಂದಿಕೊಳ್ಳುವ ಹೊತ್ತಿಗೆ ಎರಡೂ ಕಡೆಯವರು ಒಬ್ಬರಿಗೊಬ್ಬರು ಚಹಾ ತರಿಸುವಷ್ಟು ಗೆಳೆಯರಾಗಿದ್ದೆವು. ಭಾವ ಮಾತ್ರ ಒಂದು ದಿನವೂ ಕಾಣಲಿಲ್ಲ. ನನ್ನ ಮೇಲಿನ ಸಿಟ್ಟು ಎಂದುಕೊಂಡೆ.

ಒಂದು ಮಧ್ಯಾಹ್ನ ಅಕ್ಕ ಗ್ಯಾರೇಜಿಗೆ ಇಳಿದು ಬಂದಳು. ಎಣ್ಣೆ ಜಿಡ್ಡು ಎಂದು ಈ ಕಡೆ ತಲೆಯೇ ಹಾಕದವಳು ಬಂದು ಟೈರಿನ ಮೇಲೆ ಕೂತಳು.

"ಲೋ, ನಿನ್ನ ಭಾವ ಪೆಟ್ಟಿಗೆ ತೆಗೆದು ತಿಂಗಳಾಯ್ತು ಕಣೋ."

"ಒಳ್ಳೇದೇ ಆಯ್ತು. ನಂಗೂ ನಿದ್ದೆ ಬರ್ತಿದೆ."

"ಹಲ್ಲು ಕಿಸೀಬೇಡ. ನಿಮ್ಮ ಗಿಟಾರ್ ಮುಂದೆ ಬಸೂನ್ ಕೇಳ್ಸಲ್ವಂತೆ, ಈ ಸಲ ನೀವು ಬೇಡ ಅಂತ ಮೇಡಂ ಅವ್ರಿಗೆ ಅಂದಿದಾರೆ. ಈ ಸಲ ಬೇಡ ಅಂದ್ರೆ ಇನ್ಮೇಲೂ ಬೇಡ ಅಂತಾನೇ ಅಲ್ವಾ? ಆ ಕುರ್ಚಿ ಹೋದ್ರೆ ಅವ್ರಿಗೆ ಇರೋದು ಪಂಪ್‌ಹೌಸ್ ಒಂದೇ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಪೇಪರ್ ಕೂಡ ಮಡಿಸ್ತಿಲ್ಲ ಕಣೋ. ಸುಮ್ನೆ ಇಟ್ಕೊಂಡು ಕೂತಿರ್ತಾರೆ."

ಸಿಟ್ಟು ನೆತ್ತಿಗೇರಿತು. ಭಾವನ ಜೊತೆ ಜಗಳ ಆಡುವ ಹಕ್ಕು ನನ್ನದು, ಅವರನ್ನು ಕುರ್ಚಿಯಿಂದ ಎಬ್ಬಿಸಲು ಇವರು ಯಾರು? ಕೈ ಕೂಡ ತೊಳೆಯದೆ ಸಭಾಂಗಣಕ್ಕೆ ಹೋದೆ. ಬೇಕರಿಯವನು ಹಿಟ್ಟಿನ ಕೈಯಲ್ಲೇ ಹಿಂದೆ ಬಂದ.

"ಬಸೂನ್ ಊದೋ ನಮ್ಮ ಭಾವ ಇಲ್ದಿದ್ರೆ ನಾವೂ ಇಲ್ಲ ಮೇಡಂ!"

"ಸ್ವಲ್ಪ ಮೆಲ್ಲಗೆ. ಅವರು ನಿಮ್ಮ ಭಾವಾನಾ? ನೋಡಿ, ಕೇಳಿಸದ ವಾದ್ಯಕ್ಕೆ ಕುರ್ಚಿ ಹಾಕಿ ಏನು ಪ್ರಯೋಜನ?"

"ಕೇಳ್ಸಲ್ವಾ? ಇಪ್ಪತ್ತು ವರ್ಷದಿಂದ ತಲೆ ಮೇಲೆ ಕೇಳಿಸ್ಕೊಂಡು ಬದುಕಿದೀನಿ ನಾನು! ಕಾಂಕ್ರೀಟ್ ತೂರ್ಕೊಂಡು ಬರುತ್ತೆ!"

ಮೇಡಂ ನಕ್ಕುಬಿಟ್ಟರು. ಹಿಂದುಗಡೆ, ಡ್ರಮ್ಸಿನ ಬೆನ್ನಿಗೆ ಒಂದು ಕುರ್ಚಿ ಮಂಜೂರಾಯಿತು. ಗೆದ್ದವನ ಹಾಗೆ ಮೆಟ್ಟಿಲು ಹತ್ತಿ ಹೇಳಿದರೆ ಭಾವ ಎದುರಿಗಿದ್ದ ಪೇಪರು ತೆಗೆದು ಮಡಿಸತೊಡಗಿದರು.

"ನಿನ್ನ ಶಿಫಾರಸಿನ ಕುರ್ಚಿ ನಂಗೆ ಬೇಡ."

"ಬೇಡ ಅಂದ್ರೆ ನಿಂತ್ಕೊಂಡು ಊದಿ!"

ಬಾಗಿಲು ಬಡಿದು ಇಳಿದುಬಂದೆ. ಕಾರ್ಯಕ್ರಮದ ದಿನ ಅಕ್ಕ ಅವರ ಕರಿ ಕೋಟಿಗೆ ಇಸ್ತ್ರಿ ಹಾಕಿ ಬಾಗಿಲ ಚಿಲಕಕ್ಕೆ ನೇತುಹಾಕಿದಳಂತೆ. ಕೋಟು ತೆಗೆಯದೆ ಬಾಗಿಲು ದಾಟುವ ಹಾಗಿಲ್ಲ. ತೆಗೆದರು, ತೊಟ್ಟರು, ಬಂದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಹಾಲ್ ಕಿಕ್ಕಿರಿದಿತ್ತು. ಒಂದು ಕಡೆ ಮುತ್ತಿನ ಸರ ಹಾಕಿದ ಹೆಂಗಸರು, ಇನ್ನೊಂದು ಕಡೆ ತೋಳಿಲ್ಲದ ಕರಿ ಬನಿಯನ್ನಿನ ನಮ್ಮ ಹುಡುಗರು. ಮೊದಲೆರಡು ಹಾಡು ಚೆನ್ನಾಗಿ ಹೋದವು. ಭಾವ ಕೆನ್ನೆ ಉಬ್ಬಿಸಿ ಊದುತ್ತಿರುವುದು ಕಾಣುತ್ತಿತ್ತು, ಒಂದೆಳೆ ದನಿಯೂ ಕೇಳುತ್ತಿರಲಿಲ್ಲ. ಮೇಡಂ ಹೇಳಿದ್ದು ನಿಜವೇ ಆಗಿತ್ತು. ಮುಂದಿನ ಸಾಲಿನಲ್ಲಿದ್ದ ಅಕ್ಕ ಕತ್ತು ಉದ್ದಮಾಡಿ ಕಿವಿಗೊಟ್ಟು ಕೂತಿದ್ದಳು, ಪಾಪ.

ಮೂರನೆಯದು ನಮ್ಮ ಆ ಹಾಡು. ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ನಮ್ಮ ದೊಡ್ಡ ಸ್ಪೀಕರು, ಸಭಾಂಗಣದ ದೀಪ, ಎಲ್ಲದರ ಭಾರ ತಾಳದೆ ಎಲ್ಲೋ ಫಟ್ ಎಂದಿತು. ಕತ್ತಲೆ. ಬಾಗಿಲ ಮೇಲಿನ ಪುಟ್ಟ ದೀಪ ಬಿಟ್ಟರೆ ಏನೂ ಇಲ್ಲ. ನನ್ನ ಗಿಟಾರು ಬರೀ ತಂತಿ ಕಟ್ಟಿದ ಹಲಗೆಯಾಯಿತು. ಡ್ರೈವರಿನ ಗುಡುಗು ಮೈಕಿಲ್ಲದೆ ಆಕಳಿಕೆಯಾಯಿತು. ಆರ್ಕೆಸ್ಟ್ರಾದವರಿಗೆ ಕರೆಂಟು ಬೇಡ, ಆದರೆ ಹಾಳೆ ಕಾಣಬೇಕಲ್ಲ! ಅವರೂ ನಿಂತರು. ಜನ ಗುಸುಗುಸು ಶುರುಮಾಡಿದರು. ನನಗೆ ಆ ಫ್ಯೂಸಿನ ದಿನವೇ ಕಣ್ಣಮುಂದೆ ಬಂದು ರಕ್ತ ಕುದಿಯಿತು. ಸತ್ಯ ಹೇಳುತ್ತೇನೆ, ಇದೂ ಭಾವನದೇ ಕೆಲಸ ಎಂದುಕೊಂಡೆ.

ಆಗ ಹಿಂದಿನಿಂದ ನೆಗಡಿಯಾದ ಮುದುಕನ ದನಿ ಎದ್ದಿತು.

ನಮ್ಮ ಹಾಡು! ನಿಂತ ಜಾಗದಿಂದಲೇ ಎತ್ತಿಕೊಂಡಿತ್ತು. ಭಾವನ ಮುಂದಿದ್ದ ಹಾಳೆಯಲ್ಲಿ ನನ್ನ ಗಿಟಾರಿನ ಸಾಲು ಇರಲೇ ಇಲ್ಲ. ಅವರಿಗೆ ಹಾಳೆ ಬೇಕಾಗಿಯೂ ಇರಲಿಲ್ಲ. ಸಂಜೆ ಸಂಜೆ ಕಿಟಕಿ ಹಾಕಿಕೊಂಡು ಕೂತವರ ಕಾಲಡಿಯಿಂದ ಅದು ಮೈಗೇ ಹತ್ತಿಬಿಟ್ಟಿತ್ತು. ಗಿಟಾರಿನಲ್ಲಿ ಅರಚುತ್ತಿದ್ದದ್ದು ಆ ಕೊಳವೆಯಲ್ಲಿ ಕೀಟಲೆ ಮಾಡುವ ಮುದುಕನ ಹಾಗೆ ಕುಣಿಯಿತು. ಯಾರೋ ನಕ್ಕರು. ಬೇಕರಿಯವನು ಮೆಲ್ಲಗೆ, ಮಗುವಿನ ಬೆನ್ನು ತಟ್ಟಿದ ಹಾಗೆ, ಡ್ರಮ್ಸು ಸೇರಿಸಿದ.

ಆ ಜಾಗ ಬಂತು. ಕತ್ತಲಲ್ಲಿ ನಾನು ಕಣ್ಣು ಮುಚ್ಚಿದೆ. ಬಸೂನು ಓಡಿತು, ಓಡಿತು, ಮುಗ್ಗರಿಸಿ ನಿಂತಿತು. ದಡ್ ದಡ್! ಭಾವನ ಬೂಟು ಹಲಗೆಯ ಮೇಲೆ. ಸ್ವಲ್ಪ ಹಿಂದಿನಿಂದ ಮತ್ತೆ ಶುರು!

ನಾನು ತಪ್ಪುವುದನ್ನೂ ಸೇರಿಸಿಯೇ ಕಲಿತಿದ್ದರು ಈ ಮನುಷ್ಯ. ಮೇಲೆ ಕೂತವರಿಗೆ ಅದು ತಪ್ಪು ಎಂದು ಹೇಗೆ ಗೊತ್ತಾಗಬೇಕು? ಹಾಡೇ ಹಾಗೆ ಎಂದುಕೊಂಡಿದ್ದರು. ಬೈಗುಳವೊಂದನ್ನು ಬಿಟ್ಟದ್ದು ಪುಣ್ಯ. ಬೇಕರಿಯವನ ಕೋಲಂತೂ ಅಭ್ಯಾಸಬಲದಿಂದ ಸರಿಯಾಗಿ ಅಲ್ಲೇ ನಿಂತು, ಸರಿಯಾಗಿ ಅಲ್ಲಿಂದಲೇ ಹೊರಟಿತ್ತು. ಕೇಳಿದವರಿಗೆ ಇಬ್ಬರೂ ವರ್ಷಗಟ್ಟಲೆ ಕೂತು ಗಟ್ಟಿಮಾಡಿದ ಹಾಗಿತ್ತು. ಹಾಡು ಸುತ್ತಿ ಮತ್ತೆ ಅಲ್ಲಿಗೆ ಬಂದಾಗ ನಮ್ಮ ಹುಡುಗರು ಸೇರಿ ಕಾಲು ಬಡಿದರು. ಮುತ್ತಿನ ಸರದವರೂ ಬಡಿದರು.

ಅಷ್ಟರಲ್ಲಿ ಸಭಾಂಗಣದ ಎಲೆಕ್ಟ್ರಿಷಿಯನ್ನು ಏನೋ ಸರಿಮಾಡಿ ದೀಪ ಬಂತು. ಮೇಡಂ ಕೋಲು ಇಳಿಯಿತು. ಪಿಟೀಲು, ಕಹಳೆ, ಡ್ರೈವರು ಎಲ್ಲ ಒಟ್ಟಿಗೆ ಎದ್ದರು. ಕೊನೆಯ ಸುತ್ತು ನನ್ನದು. ಆ ಜಾಗಕ್ಕೆ ಬಂದೆ. ನಂಬಿ, ಬೆರಳು ಜಾರಲಿಲ್ಲ! ರೆಕಾರ್ಡಿಂಗ್ ದಿನದ ಹಾಗೆಯೇ ದಾಟುತ್ತಿದ್ದೆ. ದಾಟಲು ಬಿಡಬೇಕಲ್ಲ? ಇಡೀ ಹಾಲ್ ಆಗಲೇ ಕಾಲೆತ್ತಿತ್ತು. ದಡ್ ದಡ್! ನಿಲ್ಲಿಸಲೇಬೇಕಾಯಿತು. ಬದುಕಿನಲ್ಲಿ ಎರಡು ಸಲ ಸರಿಯಾಗಿ ನುಡಿಸಿದೆ, ಎರಡು ಸಲವೂ ಭಾವ ಅಡ್ಡ ಬಂದರು.

ಚಪ್ಪಾಳೆ ನಿಲ್ಲಲಿಲ್ಲ. ಮೇಡಂ ಭಾವನ ಕೈ ಹಿಡಿದು ಮುಂದಕ್ಕೆ ಕರೆತಂದರು. ಕೊಳವೆ ಅಪ್ಪಿಕೊಂಡು ಕೆಂಪು ಕೆಂಪಾಗಿ ನಿಂತವರನ್ನು ನೋಡಿ ಅಕ್ಕ ಎದ್ದು ನಿಂತು ಸಿಳ್ಳೆ ಹೊಡೆದಳು. ಅವಳಿಗೆ ಸಿಳ್ಳೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಈಗ ಅವರ ಕುರ್ಚಿ ಡ್ರಮ್ಸಿನ ಬೆನ್ನಿಗಲ್ಲ, ಮುಂದುಗಡೆ. ಆ ಹಾಡಿನಲ್ಲಿ ಬಸೂನಿಗೆಂದೇ ಒಂದು ಸುತ್ತು. ಆಗ ನಾವೆಲ್ಲ ಬಾಯಿ ಮುಚ್ಚಿರಬೇಕು. ದಡ್ ದಡ್ ಎನ್ನುವುದನ್ನು ಮೇಡಂ ಹಾಳೆಯಲ್ಲೂ ಬರೆದಿದ್ದಾರೆ. ಕಾರ್ಯಕ್ರಮ ಮುಗಿದು ಮನೆಗೆ ಬರುತ್ತ ಮೆಟ್ಟಿಲಲ್ಲಿ ಕೇಳಿದೆ.

"ಭಾವಾ, ಎಲ್ಲಾ ಒಳ್ಳೇದಾಯ್ತಲ್ಲ. ಇನ್ನಾದ್ರೂ ಫ್ಯೂಸ್ ಕೊಡಿ."

"ನನ್ನ ರೀಡು?"

"ಸೀಳಿದ ಪೀಪಿ ಎಲ್ಲಿಂದ ತರ್ಲಿ?"

"ಹಾಗಾದ್ರೆ ಫ್ಯೂಸೂ ಇಲ್ಲ. ಪೀಪಿ ಅನ್ಬೇಡ."

ಹಟಕ್ಕೆ ಬಿದ್ದು ಗ್ಯಾರೇಜಿನ ಅರದಲ್ಲಿ ಜೊಂಡು ಉಜ್ಜಿ ನಾನೇ ಒಂದು ಮಾಡಿಕೊಟ್ಟೆ. ಊದಿ ನೋಡಿದರು. ಬಾತುಕೋಳಿಯ ಬಾಲ ತುಳಿದ ಹಾಗೆ ಕೂಗಿತು. ಅಕ್ಕ ನಕ್ಕು ನಕ್ಕು ನೆಲಕ್ಕೆ ಕೂತಳು. "ಇದು ಲೆಕ್ಕಕ್ಕಿಲ್ಲ" ಎಂದು ಭಾವ ಅದನ್ನು ಒರೆಸಿ ಬಸೂನಿನ ಪೆಟ್ಟಿಗೆಯೊಳಗೆ ಇಟ್ಟುಕೊಂಡರು. ಆ ಪೆಟ್ಟಿಗೆಯ ಮೂಲೆಯಲ್ಲಿ, ಕೆಂಪು ಬಟ್ಟೆಯ ಕೆಳಗೆ, ನನ್ನ ಫ್ಯೂಸು ಇದೆ. ಕಣ್ಣಾರೆ ಕಂಡಿದ್ದೇನೆ. ಅವರು ಪಂಪ್‌ಹೌಸಿಗೆ ಹೋದಾಗ ಒಂದು ನಿಮಿಷದಲ್ಲಿ ತೆಗೆದುಕೊಳ್ಳಬಹುದು. ತೆಗೆಯುವುದಿಲ್ಲ. ಕಿತ್ತುಕೊಂಡವರು ಅವರು, ತಂದು ಕೊಡಬೇಕಾದವರೂ ಅವರೇ.